ಮಕರವನ್ನು ಕಂಡವರು ಯಾರು?

ಹಳೇಬೀಡಿಗೆ ಶಾಲೆಯ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆಂದು ಲೆಕ್ಕವಿಟ್ಟಿಲ್ಲ. ನನ್ನ ಸೇವೆಯ ಬಹುಭಾಗ ಅರಸೀಕೆರೆ, ಜಾವಗಲ್ಲು, ಬೇಲೂರುಗಳ ಆಸುಪಾಸಿನಲ್ಲಿಯೇ ಕಳೆಯಿತು. ಆದ್ದರಿಂದ ಚರಿತ್ರೆಯ ಮೇಷ್ಟರಾದ ನನಗೆ ಹೊಯ್ಸಳೇಶ್ವರ ದೇವಾಲಯದ ಗೋಡೆಯೇ ಇನ್ನೊಂದು ಕಪ್ಪು ಹಲಗೆಯಾಗಿತ್ತು. ಈ ಪುಟಗಳನ್ನು ಓದುವ ನನ್ನ ಶಿಷ್ಯರಲ್ಲಿ ಹಲವರು ಆ ಗೋಡೆಯ ಮುಂದೆ ಬಿಸಿಲಿನಲ್ಲಿ ನಿಂತು ನನ್ನ ಪಾಠ ಕೇಳಿದವರೇ. ಕೆಳಗಿನಿಂದ ಮೇಲಕ್ಕೆ ಪಟ್ಟಿಕೆಗಳನ್ನು ಎಣಿಸಿ ಹೇಳಿ ಎಂದು ನಾನು ಪೀಡಿಸುತ್ತಿದ್ದುದು ನಿಮಗೆ ನೆನಪಿರಬಹುದು. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಹೀಗೆ ಎಂಟು ಸಾಲು.

1987ರ ನವೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಹೀಗೆಯೇ ಹೋಗಿದ್ದಾಗ, ಒಬ್ಬ ಹುಡುಗ ಏಳನೆಯ ಸಾಲಿನ ಮುಂದೆ ನಿಂತುಬಿಟ್ಟ. ಹತ್ತಿರದ ಹಟ್ಟಿಯೊಂದರಿಂದ ಬರುತ್ತಿದ್ದವನು. ಮನೆಯಲ್ಲಿ ಕುರಿ ಸಾಕಿದ್ದರು. ಬೆಳಿಗ್ಗೆ ಕುರಿಗಳನ್ನು ಎಣಿಸಿ ಹೊರಗೆ ಬಿಟ್ಟು ಶಾಲೆಗೆ ಬಂದು, ಸಂಜೆ ಮತ್ತೆ ಎಣಿಸಿ ಒಳಗೆ ಕೂಡುವುದು ಅವನ ನಿತ್ಯದ ಕೆಲಸ. ಅವನು ಕೇಳಿದ ಪ್ರಶ್ನೆ ಇಷ್ಟೇ: "ಸಾರ್, ಆನೆ ನೋಡಿ ಆನೆ ಕೆತ್ತಿದ್ದಾರೆ. ಕುದುರೆ ನೋಡಿ ಕುದುರೆ ಕೆತ್ತಿದ್ದಾರೆ. ಈ ಮಕರಾನ ಯಾರು ನೋಡಿದ್ರು?"

ಉಳಿದ ಮಕ್ಕಳು ನಕ್ಕರು. ನಾನೂ ನಕ್ಕೆ. "ಅದು ಕಲ್ಪನೆಯ ಪ್ರಾಣಿ ಕಣೋ, ಪರೀಕ್ಷೆಗೆ ಬರುವುದಿಲ್ಲ, ಮುಂದೆ ನಡೆ" ಎಂದೆ. ನಲವತ್ತು ವರ್ಷಕ್ಕೆ ಸಮೀಪಿಸುತ್ತಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಿದ್ದೇನೆ. ಉತ್ತರ ತಡವಾಯಿತು ಎಂಬುದು ಒಂದು ತಪ್ಪು. ಅದಕ್ಕಿಂತ ದೊಡ್ಡದಾದ ಇನ್ನೊಂದು ತಪ್ಪೂ ನನ್ನಿಂದ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಕರವು ನೀರಿನ ಪ್ರಾಣಿ. ವರುಣನ ವಾಹನ, ಗಂಗೆಯ ವಾಹನ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಮೇಲಿರುವ ಮಕರತೋರಣಗಳನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದರ ಅಂಗಾಂಗಗಳನ್ನು ಬಿಡಿಬಿಡಿಯಾಗಿ ನೋಡಿ. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಕಾಲು ಸಿಂಹದ್ದು, ಮೈ ಹಂದಿಯದು, ಬಾಲ ನವಿಲಿನದು. ಇವುಗಳಲ್ಲಿ ಒಂದಾದರೂ ಕಡಲಿನದಲ್ಲ! ಮೊಸಳೆಯನ್ನು ನಮ್ಮವರು ಬಲ್ಲರು; ಹಾಸನದ ಹತ್ತಿರ ಹೊಯ್ಸಳ ದೇವಾಲಯಗಳಿರುವ ಊರೊಂದರ ಹೆಸರೇ ಮೊಸಳೆ. ಆನೆ, ಹಂದಿ, ನವಿಲುಗಳಂತೂ ಮಲೆನಾಡಿನ ಅಂಚಿನಲ್ಲಿ ಯಥೇಚ್ಛವಾಗಿದ್ದವು. ಶಿಲ್ಪಿಯು ಕಡಲ ಪ್ರಾಣಿಯನ್ನು ಕೆತ್ತಬೇಕಾದಾಗ ತಾನು ಕಂಡ ನೆಲದ ಪ್ರಾಣಿಗಳನ್ನೇ ಒಟ್ಟುಗೂಡಿಸಿದ. ಮಕರದ ರೂಪ ಹೊಯ್ಸಳರಿಗಿಂತ ಬಹಳ ಹಿಂದಿನಿಂದ ಬಂದದ್ದು ನಿಜ. ಆದರೂ ಅದನ್ನು ತಿದ್ದಲು ಬೇಕಾದ ಕಣ್ಣಾರೆ ಕಂಡ ಸುದ್ದಿ ಯಾವುದೂ ಇಲ್ಲಿಗೆ ಬಂದಂತೆ ಕಾಣುವುದಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ದ್ವಾರಸಮುದ್ರ. ನಮ್ಮ ಬಯಲುಸೀಮೆಯವರಿಗೆ ಕೆರೆಯೇ ಸಮುದ್ರ. ನಿಜವಾದ ಸಮುದ್ರವು ಅಲ್ಲಿಂದ ಘಟ್ಟ ಇಳಿದರೆ ಹೆಚ್ಚು ಕಡಿಮೆ ನೂರು ಮೈಲಿ. ಹೊಯ್ಸಳರಿಗೆ ಅದು ಅಪರಿಚಿತವೇನೂ ಆಗಿರಲಿಲ್ಲ. ಪಶ್ಚಿಮ ತೀರದ ಬಂದರುಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ಬರುತ್ತಿದ್ದವು. ಕಡಲಿನಿಂದ ಕುದುರೆ, ಮುತ್ತುಗಳನ್ನು ತರಿಸಿ ಮಾರುತ್ತಿದ್ದ ಸೆಟ್ಟಿಗಳ ಮಾತು ಆ ಕಾಲದ ಶಾಸನಗಳಲ್ಲಿದೆ. ಮೂರನೆಯ ಬಲ್ಲಾಳನು ಆಳುಪರ ಮನೆತನದ ಚಿಕ್ಕಾಯಿತಾಯಿಯನ್ನು ವರಿಸಿ ಬಾರಕೂರಿನೊಂದಿಗೆ ನಂಟು ಬೆಳೆಸಿದ್ದ. ಕಡಲಿನಿಂದ ಕುದುರೆ ಬಂತು, ಮುತ್ತು ಬಂತು, ಸೊಸೆಯೂ ಬಂದಳು. ಕಡಲಿನಲ್ಲಿ ಬದುಕುವ ಪ್ರಾಣಿಗಳ ಸುದ್ದಿ ಮಾತ್ರ ಬರಲಿಲ್ಲ. ಬೆಲೆ ಕಟ್ಟಬಹುದಾದದ್ದಕ್ಕೆ ಲೆಕ್ಕವಿರುತ್ತದೆ; ಸುಮ್ಮನೆ ಕಣ್ಣಿಗೆ ಬಿದ್ದದ್ದಕ್ಕೆ ಲೆಕ್ಕವಿರುವುದಿಲ್ಲ. ಚರಿತ್ರೆಯ ಆಕರಗಳಿಗೆಲ್ಲ ಈ ದೋಷವುಂಟು.

ಈಗ ಪ್ರವಾಸದ ವಿಷಯಕ್ಕೆ ಬರುತ್ತೇನೆ. ಅದೇ ವರ್ಷದ ಡಿಸೆಂಬರಿನಲ್ಲಿ ಶಾಲೆಯಿಂದ ಉತ್ತರ ಕನ್ನಡದ ಕಡೆಗೆ ಹೊರಟೆವು. ಬಾಡಿಗೆಯ ಬಸ್ಸು, ಬಾಣಾವರ, ಕಡೂರು, ಶಿವಮೊಗ್ಗ, ಸಾಗರದ ಮೇಲೆ ಜೋಗ ನೋಡಿಕೊಂಡು, ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರ. ಕಡಲೆಂದರೆ ನಮ್ಮ ಮಕ್ಕಳಿಗೆ ಅರಸೀಕೆರೆ ಸಂತೆಯ ಒಣಮೀನಿನ ವಾಸನೆ, ಅಷ್ಟೇ. ಬಸ್ಸಿನಲ್ಲಿದ್ದವರ ಪೈಕಿ ಒಬ್ಬರೂ ಅದುವರೆಗೆ ಸಮುದ್ರ ನೋಡಿರಲಿಲ್ಲ. ಮುರ್ಡೇಶ್ವರದಲ್ಲಿ ಆಗ ಇಂದಿನ ಬೃಹತ್ ಶಿವನ ಮೂರ್ತಿಯಾಗಲಿ ರಾಜಗೋಪುರವಾಗಲಿ ಇರಲಿಲ್ಲ. ದೋಣಿಗಳು, ಬಲೆಗಳು, ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದ ಜನ. ದಿಗಂತದಲ್ಲಿ ನೇತ್ರಾಣಿ ದ್ವೀಪ ಒಂದು ಗುಬ್ಬಚ್ಚಿಯಂತೆ ಕುಳಿತಿತ್ತು.

ನಾನು ನನ್ನ ಕೆಲಸ ಮಾಡಿದೆ. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿಯ ಮೆಣಸಿನ ವ್ಯಾಪಾರ ವಿವರಿಸಿದೆ. ಮಿರ್ಜಾನಿನಲ್ಲಿ ಕೋಟೆ, ಅಂಕೋಲೆಯಲ್ಲಿ 1930ರ ಉಪ್ಪಿನ ಸತ್ಯಾಗ್ರಹ. ಕಾರವಾರದ ಸದಾಶಿವಗಡದ ಮೇಲೆ ನಿಂತು, ಕೆಳಗೆ ಕಾಳಿ ನದಿ ಕಡಲನ್ನು ಸೇರುವ ಅಳಿವೆಗೆ ಬೆನ್ನು ಹಾಕಿ, ಸೋದೆ ಅರಸರ ವಿಷಯ ಹೇಳುತ್ತಿದ್ದೆ. ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಕುರಿ ಮನೆಯ ಹುಡುಗ ಮಾತ್ರ ನನ್ನ ಹೆಗಲಾಚೆಗೆ ನೀರನ್ನು ನೋಡುತ್ತಿದ್ದ.

ಊರಿಗೆ ಮರಳಿದ ಮೇಲೆ ಎಲ್ಲರಿಂದಲೂ ಪ್ರವಾಸ ಕಥನ ಬರೆಸಿದೆ, ಇಪ್ಪತ್ತು ಅಂಕ. ಎಲ್ಲರೂ ನಾನು ಹೇಳಿದ್ದನ್ನೇ ನನಗೆ ತಿರುಗಿಸಿ ಒಪ್ಪಿಸಿದರು. ಆ ಹುಡುಗನ ನೋಟ್ ಬುಕ್ಕಿನಲ್ಲಿ ರಾಣಿಯಿಲ್ಲ, ಕೋಟೆಯಿಲ್ಲ. ಮೂರು ಪುಟಗಳ ತುಂಬ ಒಂದು ಪಟ್ಟಿ. ಯಾವ ದಿನ, ಯಾವ ಊರು, ಹೊತ್ತು ಎಷ್ಟು, ಏನು ಕಂಡಿತು, ಎಷ್ಟು ಕಂಡವು. ಕುರಿ ಎಣಿಸುವ ಕೈ ಬರೆದ ಪಟ್ಟಿ. ಅದರಲ್ಲಿ ಮೂರು ಸಂಗತಿಗಳು ಮಾತ್ರ ನನ್ನ ನೆನಪಿನಲ್ಲಿ ಉಳಿದಿವೆ. ಕಾಳಿಯ ಅಳಿವೆಯಲ್ಲಿ ಗೂನುಬೆನ್ನಿನ ದೊಡ್ಡ ಬೂದುಮೀನುಗಳು, ಮೇಲೆ ಬಂದಾಗ ಎತ್ತು ಉಸಿರು ಬಿಟ್ಟ ಹಾಗೆ ಸದ್ದು. ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿಯ ಗುರುತಿನಂಥ ಸಾಲು, ನೀರಿನಿಂದ ಬಂದು ನೀರಿಗೇ ಹಿಂತಿರುಗಿದೆ, ಆದರೆ ಟ್ರ್ಯಾಕ್ಟರ್ ಇಲ್ಲ. ಬಿಳಿಯ ಹೊಟ್ಟೆ, ಬೂದು ಬೆನ್ನಿನ ಹದ್ದು, ಕಾಲಿನಲ್ಲಿ ಹಾವು.

ನಾನು ಇಪ್ಪತ್ತಕ್ಕೆ ಆರು ಅಂಕ ಕೊಟ್ಟೆ. ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ, ದಪ್ಪ ಅಕ್ಷರಗಳಲ್ಲಿ, "ವಿಷಯಾಂತರ" ಎಂದು ಬರೆದೆ. ಸಾಲದ್ದಕ್ಕೆ ತರಗತಿಯಲ್ಲಿ ಟ್ರ್ಯಾಕ್ಟರಿನ ಭಾಗವನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಹುಡುಗ ತಲೆ ತಗ್ಗಿಸಿ ನೋಟ್ ಬುಕ್ಕು ಹಿಂದಕ್ಕೆ ಪಡೆದ. ಆ ವರ್ಷವಾದ ಮೇಲೆ ಅವನು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ನಿವೃತ್ತನಾದ ಮೇಲೆ, ಬಿಡುವಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಂತೆ, ಆ ಮೂರೂ ಸಾಲುಗಳ ಅರ್ಥ ಒಂದೊಂದಾಗಿ ಬಿಚ್ಚಿಕೊಂಡಿತು. ಗೂನುಬೆನ್ನಿನ ಮೀನು ಮೀನಲ್ಲ, ಡಾಲ್ಫಿನ್. ನಮ್ಮ ಕರಾವಳಿಯ ಅಳಿವೆಗಳ ಬಳಿ, ದಡದ ಸಮೀಪದಲ್ಲಿಯೇ ಓಡಾಡುವ ಈ ಜಾತಿಗೆ ಗೂನುಬೆನ್ನಿನ ಡಾಲ್ಫಿನ್ ಎಂದೇ ಹೆಸರು. 1829ರಲ್ಲಿ ಫ್ರಾನ್ಸಿನ ಕ್ಯೂವಿಯೆ ಎಂಬ ಪಂಡಿತನು, ದ್ಯುಸುಮಿಯೆ ಎಂಬ ಸಮುದ್ರಯಾತ್ರಿಯು ಮಲಬಾರ್ ತೀರದಿಂದ ಕಳಿಸಿದ ಮಾದರಿಯನ್ನು ನೋಡಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ. ಅದರ ಗೂನನ್ನು ಗುರುತಿಸಲು ನಮ್ಮ ಹಟ್ಟಿಯ ಹುಡುಗನಿಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಟ್ರ್ಯಾಕ್ಟರಿನ ಗುರುತು ಕಡಲಾಮೆಯದು. ಆಲಿವ್ ರಿಡ್ಲೆ ಎಂಬ ಆಮೆಯು ಚಳಿಗಾಲದ ರಾತ್ರಿಗಳಲ್ಲಿ ದಡಕ್ಕೆ ಬಂದು, ಮರಳು ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಬೆಳಗಾಗುವುದರೊಳಗೆ ಕಡಲಿಗೆ ಮರಳುತ್ತದೆ. ಅದು ಈಜುಗಾಲುಗಳಿಂದ ತನ್ನ ಭಾರವನ್ನು ಎಳೆದುಕೊಂಡು ಹೋದ ದಾರಿ ಅಕ್ಷರಶಃ ಟ್ರ್ಯಾಕ್ಟರ್ ಗಾಲಿಯ ಗುರುತಿನಂತಿರುತ್ತದೆ. ನಾನು ಇದನ್ನು ಓದಿದ ದಿನ ಪುಸ್ತಕ ಮಡಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಹದ್ದಿನ ವಿಷಯವೂ ಅಷ್ಟೇ. ಬಿಳಿಹೊಟ್ಟೆಯ ಕಡಲ ಹದ್ದು ಮೀನಿನೊಂದಿಗೆ ಕಡಲಹಾವುಗಳನ್ನೂ ಹಿಡಿಯುತ್ತದೆ.

ಹುಡುಗ ಬರೆದದ್ದೆಲ್ಲ ಸತ್ಯ. ತಿಳಿಯದವನು ನಾನು.

ಆ ಮೇಲೆ ನನಗೊಂದು ಹುಚ್ಚು ಹಿಡಿಯಿತು. ನಮ್ಮ ಕರಾವಳಿಯ ಪ್ರಾಣಿಗಳನ್ನು ಕಂಡು ಬರೆದಿಟ್ಟವರು ಯಾರು ಎಂದು ಹುಡುಕತೊಡಗಿದೆ. ಹುಡುಕಿದಷ್ಟೂ ತಿಳಿದದ್ದೇನೆಂದರೆ, ಆ ಚರಿತ್ರೆ ಚೂರುಚೂರಾಗಿ ಚದುರಿ ಹೋಗಿದೆ. ಅದಕ್ಕೆ ಕಾರಣ ಪ್ರಾಣಿಗಳಲ್ಲ, ಆಡಳಿತದ ಗಡಿಗಳು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಪ್ರಾಂತ್ಯ ಕಂಪನಿಯ ವಶವಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. ನಮ್ಮ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. 1956ರಲ್ಲಿ ಇವೆಲ್ಲ ಒಂದಾಗುವವರೆಗೆ, ಒಂದೇ ಕಡಲ ದಡದ ಸುದ್ದಿ ಒಂದು ತುದಿಯಿಂದ ಮುಂಬಯಿಗೆ, ಇನ್ನೊಂದು ತುದಿಯಿಂದ ಮದರಾಸಿಗೆ ಹೋಗುತ್ತಿತ್ತು. ಅರಸೀಕೆರೆಗೆ ಬರುವ ದಾರಿಯೇ ಇರಲಿಲ್ಲ.

ಒಂದು ನಿದರ್ಶನ ಕೊಡುತ್ತೇನೆ. 1874ರಲ್ಲಿ ಮಂಗಳೂರಿನ ದಡಕ್ಕೆ ಒಂದು ಭಾರಿ ತಿಮಿಂಗಿಲ ಬಂದು ಬಿತ್ತು. ಅದರ ಅಸ್ಥಿಪಂಜರ ಮದರಾಸಿನ ಎಗ್ಮೋರಿನ ವಸ್ತುಸಂಗ್ರಹಾಲಯ ಸೇರಿತು. ಚೆನ್ನೈಗೆ ಹೋದಾಗ ನಾನು ಆ ಸಂಗ್ರಹಾಲಯಕ್ಕೆ ಹೋದದ್ದು ಪಲ್ಲವರ, ಚೋಳರ ಕಂಚಿನ ವಿಗ್ರಹಗಳನ್ನು ನೋಡಲೆಂದು. ಆ ಮೂಳೆಗಳ ಕೆಳಗೆ ನಿಂತು ತಲೆಯೆತ್ತಿದಾಗ ಹಳೇಬೀಡಿನ ಏಳನೆಯ ಸಾಲು ಕಣ್ಣ ಮುಂದೆ ಬಂತು. 'ತಿಮಿಂಗಿಲ' ಎಂಬುದು ಸಂಸ್ಕೃತದ ಹಳೆಯ ಮಾತು. ತಿಮಿ ಎಂಬ ಮಹಾಮತ್ಸ್ಯವನ್ನು ನುಂಗುವಂಥದ್ದು ಎಂದು ಅರ್ಥ. ಮಕರವನ್ನು ಪೂಜಿಸಿದ, ತಿಮಿಂಗಿಲವನ್ನು ಪದವಾಗಿ ಬಲ್ಲ ನಾವು, ನಮ್ಮ ದಡಕ್ಕೇ ಬಂದದ್ದನ್ನು ನೋಡಲು ಚೆನ್ನೈಗೆ ಹೋಗಬೇಕಾಯಿತು.

ಫ್ರಾನ್ಸಿಸ್ ಬುಕಾನನ್ ನಿಮಗೆ ಗೊತ್ತು. ಪಾಠದಲ್ಲಿ ಅವನ ಹೆಸರು ಹೇಳುತ್ತಿದ್ದೆ. 1801ರಲ್ಲಿ ಅವನು ಮಂಗಳೂರಿನಿಂದ ಉತ್ತರಕ್ಕೆ ಕಡಲ ದಡದಗುಂಟ ಪಯಣಿಸಿ, ಹೊನ್ನಾವರ, ಗೋಕರ್ಣ, ಅಂಕೋಲೆ, ಸದಾಶಿವಗಡಗಳನ್ನು ಕಂಡು, ಘಟ್ಟ ಹತ್ತಿ, ನಗರ, ಚಿತ್ರದುರ್ಗ, ಹಿರಿಯೂರುಗಳ ಮೂಲಕ ನಮ್ಮ ಬಾಣಾವರಕ್ಕೂ ಬಂದಿದ್ದ. ಅವನ ಕಣ್ಣು ಬಹುಮಟ್ಟಿಗೆ ಬೆಳೆ, ಜಾತಿ, ಕಂದಾಯ, ಬೆಲೆಗಳ ಮೇಲಿತ್ತು. ಕಂಪನಿ ಕಳಿಸಿದ್ದು ಅದಕ್ಕೆ. ಆದರೂ ಅವನ ಪುಸ್ತಕ ಇಲ್ಲದಿದ್ದರೆ ಆ ವರ್ಷದ ನಮ್ಮ ಊರುಗಳ ಸ್ಥಿತಿಯ ಬಗ್ಗೆ ನಮಗೆ ಎಷ್ಟು ತಿಳಿಯುತ್ತಿತ್ತು?

ಇನ್ನೊಬ್ಬನಿದ್ದಾನೆ. ಅಲನ್ ಆಕ್ಟೇವಿಯನ್ ಹ್ಯೂಮ್. "1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಇಂಗ್ಲಿಷ್ ಅಧಿಕಾರಿ ಯಾರು?" ಎಂಬ ಒಂದು ಅಂಕದ ಪ್ರಶ್ನೆಯನ್ನು ಎಷ್ಟು ವರ್ಷ ಕೊಟ್ಟೆನೋ! ಅವನು ಭಾರತದ ಪಕ್ಷಿಶಾಸ್ತ್ರದ ಹಿರಿಯರಲ್ಲಿ ಒಬ್ಬ ಎಂಬುದು ನನಗೆ ಸೇವೆಯಲ್ಲಿದ್ದಷ್ಟು ಕಾಲವೂ ತಿಳಿದಿರಲಿಲ್ಲ. 1875ರಲ್ಲಿ ಅವನು ಹಡಗೇರಿ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪಗಳ ಕಡೆ ಹೋಗಿ, ಕಂಡ ಹಕ್ಕಿಗಳ ವಿವರವನ್ನು ಮರುವರ್ಷ ತನ್ನದೇ ಪತ್ರಿಕೆ 'ಸ್ಟ್ರೇ ಫೆದರ್ಸ್'ನಲ್ಲಿ ಪ್ರಕಟಿಸಿದ. ನಮ್ಮ ನೇತ್ರಾಣಿಯನ್ನು ಇಂಗ್ಲಿಷರು ಪಾರಿವಾಳದ ದ್ವೀಪವೆಂದು ಕರೆಯುತ್ತಿದ್ದರು. ಮುರ್ಡೇಶ್ವರದ ದಡದಿಂದ ಸುಮಾರು ಹತ್ತು ನಾವಿಕ ಮೈಲಿ ದೂರದ ಆ ಬಂಡೆಗಾಡಿನಲ್ಲಿ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಸುತ್ತಲಿನ ನೀರಿನಲ್ಲಿ ಹವಳವಿದೆ. ನಮ್ಮ ಹುಡುಗ ನೋಡಿದ ಹದ್ದು ಅಲ್ಲಿಂದ ಬಂದದ್ದೇ ಇರಬಹುದು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಈ ಕಾಲಾವಧಿಯಲ್ಲಿ ಕರಾವಳಿ ಬಹಳ ಬದಲಾಯಿತು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳು 1970ರ ದಶಕದ ನಡುವಿನಿಂದ ಪರ್ಸೀನ್ ದೋಣಿಗಳ ಎದುರು ಸೋತವು. ಟ್ರಾಲ್ ಬಲೆಗಳಿಗೆ ಸಿಕ್ಕ ಆಮೆಗಳು ಉಸಿರಾಡಲು ಮೇಲೆ ಬರಲಾಗದೆ ಸಾಯುತ್ತವೆ. ಆಮೆಯ ಮೊಟ್ಟೆಗಳನ್ನು ಅಗೆದು ತಿನ್ನುವ, ಮಾರುವ ರೂಢಿಯೂ ಇತ್ತು. ನೇತ್ರಾಣಿಯನ್ನು ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದುಂಟು. ಇನ್ನೊಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಸರೆ ಕಡಲಾಮೆ, ಡಾಲ್ಫಿನ್‌ಗಳಿಗೂ ದೊರೆಯಿತು. 2001ರಲ್ಲಿ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಅದರ ಮೊದಲ ಅನುಸೂಚಿ ಸೇರಿತು. ಈಗ ಹೊನ್ನಾವರ, ಕಾರವಾರ, ಕುಂದಾಪುರಗಳ ದಡದಲ್ಲಿ ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಆಮೆಯ ಗುಂಡಿಗಳನ್ನು ಗುರುತಿಸಿ, ಸುತ್ತ ಬಲೆ ಕಟ್ಟಿ, ಮರಿಗಳು ಹೊರಬರುವವರೆಗೆ ಕಾಯುತ್ತಾರೆ. ಮೊಟ್ಟೆ ತಿನ್ನುತ್ತಿದ್ದ ದಡದಲ್ಲೇ ಇಂದು ಮರಿಗಳನ್ನು ಬುಟ್ಟಿಯಲ್ಲಿಟ್ಟು ಕಡಲಿಗೆ ಬಿಡುವುದನ್ನು ನೋಡಲು ಮಕ್ಕಳು ಸೇರುತ್ತಾರೆ ಎಂಬುದು ಸಣ್ಣ ಮಾತಲ್ಲ.

ಆದರೆ ಹಿಂದೆ ಎಷ್ಟಿದ್ದವು ಎಂಬ ಲೆಕ್ಕವೇ ಇಲ್ಲದೆ, ಇಂದು ಕಡಿಮೆಯಾಗಿವೆಯೋ ಹೆಚ್ಚಾಗಿವೆಯೋ ಎಂದು ಹೇಳುವುದು ಹೇಗೆ? ಶಾಸನವಿಲ್ಲದ ಅರಸನ ಕಾಲ ನಿರ್ಣಯಿಸುವಷ್ಟೇ ಕಷ್ಟ ಅದು. 1987ರ ಡಿಸೆಂಬರಿನ ಒಂದು ಬೆಳಿಗ್ಗೆ ಕಾಳಿಯ ಅಳಿವೆಯಲ್ಲಿ ಎಷ್ಟು ಡಾಲ್ಫಿನ್‌ಗಳಿದ್ದವು? ಆಮೆ ದಡ ಹತ್ತಿದ್ದು ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ? ಅಂಥ ಗುರುತುಗಳು ಒಂದೇ, ಹಲವೇ? ಹುಡುಗ ಬರೆದಿದ್ದ. ಓದಿದ್ದ ನನಗೆ ನೆನಪಿಲ್ಲ. ಅಳಿವೆಗೆ ಬೆನ್ನು ಹಾಕಿ ನಿಂತಿದ್ದ ನಾನು ಆಣೆ ಮಾಡಿ ಹೇಳಬಹುದಾದದ್ದು ಏನೂ ಇಲ್ಲ.

ಹ್ಯೂಮನ ಬದುಕಿನ ಇನ್ನೊಂದು ಘಟನೆ ಹೇಳಿ ಮುಗಿಸುತ್ತೇನೆ. ಅವನು ಇಪ್ಪತ್ತೈದು ವರ್ಷ ಕೂಡಿಸಿದ ಟಿಪ್ಪಣಿಗಳ ಆಧಾರದ ಮೇಲೆ ಭಾರತದ ಪಕ್ಷಿಗಳ ಕುರಿತು ಒಂದು ಮಹಾಗ್ರಂಥ ಬರೆಯುವವನಿದ್ದ. 1880ರ ದಶಕದ ಆರಂಭದಲ್ಲಿ, ಒಂದು ಚಳಿಗಾಲ ಅವನು ಶಿಮ್ಲಾದ ಮನೆಯಲ್ಲಿ ಇಲ್ಲದಾಗ, ಸೇವಕನೊಬ್ಬ ಆ ಹಸ್ತಪ್ರತಿಗಳ ರಾಶಿಯನ್ನು ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಹ್ಯೂಮ್ ಮತ್ತೆ ಅದನ್ನು ಬರೆಯುವ ಗೋಜಿಗೆ ಹೋಗಲಿಲ್ಲ. 1885ರಲ್ಲಿ ತನ್ನ ಪಕ್ಷಿಸಂಗ್ರಹವನ್ನು ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ರಾಜಕಾರಣದ ಕಡೆ ತಿರುಗಿದ. ಆ ಸೇವಕನನ್ನು ಬೈಯುತ್ತಾ ಓದುತ್ತಿದ್ದವನಿಗೆ ಸಟ್ಟನೆ ನನ್ನ ಕೆಂಪು ಶಾಯಿ ನೆನಪಾಯಿತು. ಅವನಿಗೆ ಓದು ಬರುತ್ತಿತ್ತೋ ಇಲ್ಲವೋ, ನಾನು ಬಿ.ಎಡ್. ಮಾಡಿದವನು.

ಹಾಗಾದರೆ ಮಕರವನ್ನು ಕಂಡವರು ಯಾರು? ಅದಕ್ಕೆ ಉತ್ತರ: ಯಾರೂ ಅಲ್ಲ. ಕಂಡವರು ಹೇಳಲಿಲ್ಲ, ಅಥವಾ ಅವರು ಹೇಳಿದ್ದನ್ನು ಬಲ್ಲವರು ಕೇಳಲಿಲ್ಲ. ಆದ್ದರಿಂದ ಕಾಣದವರು ಕೆತ್ತಿದರು. ಬಲೆ ಎಳೆಯುವವನು, ದೋಣಿ ನಡೆಸುವವನು, ಕುರಿ ಕಾಯುವವನು ಕಂಡದ್ದನ್ನು ಅಕ್ಷರ ಬಲ್ಲ ನಾವು ವಿಷಯಾಂತರವೆಂದು ತಳ್ಳುತ್ತಾ ಬಂದದ್ದರಿಂದ, ಇಷ್ಟು ಶತಮಾನಗಳ ಮೇಲೂ ನಮ್ಮ ಕಡಲಿನ ಚರಿತ್ರೆ ನಮ್ಮ ನುಡಿಯಲ್ಲಿ ಬರೆಯದೆ ಉಳಿದಿದೆ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನು ಓದುತ್ತಿದ್ದರೆ ತಾನೇ ಎಂದು ಅವನಿಗೆ ತಿಳಿಯುತ್ತದೆ. ಅಂದಿನ ಸಹಪಾಠಿಗಳು ಓದುತ್ತಿದ್ದರೆ ದಯವಿಟ್ಟು ಅವನಿಗೆ ತಿಳಿಸಿ. ಅಪ್ಪಾ, ನಿನಗೀಗ ಐವತ್ತು ದಾಟಿರಬೇಕು. ಬಹುವಚನದಲ್ಲಿ ಮಾತನಾಡಿಸಬೇಕೇನೋ, ಮೇಷ್ಟರ ನಾಲಿಗೆ ತಿರುಗುತ್ತಿಲ್ಲ. ನಿನ್ನ ನೋಟ್ ಬುಕ್ಕು ಅಟ್ಟದ ಮೇಲೋ ಟ್ರಂಕಿನಲ್ಲೋ ಎಲ್ಲಾದರೂ ಉಳಿದಿದೆಯೇ ನೋಡು. ಉಳಿದಿದ್ದರೆ ಆ ಮೂರು ಪುಟಗಳ ನಕಲು ಮಾಡಿಸಿ ಕಾರವಾರದಲ್ಲಿ ಕಡಲಜೀವಿಗಳನ್ನು ಅಭ್ಯಾಸ ಮಾಡುವವರಿಗೆ ಕಳಿಸೋಣ. ಅವರಿಗೆ ಅದು ಶಾಸನವಿದ್ದಂತೆ. ಮೊದಲ ಪುಟದ ಕೆಂಪಕ್ಷರವನ್ನು ಅಳಿಸಬೇಡ. ಅದರ ಕೆಳಗೆ ನಾನು ಒಂದು ಸಾಲು ಸೇರಿಸಿ, ಇಪ್ಪತ್ತಕ್ಕೆ ಇಪ್ಪತ್ತು ಹಾಕಿ, ದಿನಾಂಕ ಬರೆದು ಸಹಿ ಮಾಡಬೇಕಾಗಿದೆ.

ಉಳಿದವರಿಗೆ ಒಂದು ಮಾತು. ನಿಮ್ಮಲ್ಲಿ ಹಲವರು ಈಗ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ನೆಲೆಸಿದ್ದೀರಿ. ಕೆಲವರು ಇನ್ನೂ ದೂರದ ಸಮುದ್ರಗಳ ದಡದಲ್ಲಿದ್ದೀರಿ. ದಡಕ್ಕೆ ಹೋದಾಗ ಏನಾದರೂ ಕಂಡರೆ ದಿನ, ಊರು, ಹೊತ್ತು, ಎಷ್ಟು ಎಂಬುದನ್ನು ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಟ್ರ್ಯಾಕ್ಟರಿನ ಹಾಗೆ ಎಂದು ಬರೆದರೂ ಸಾಕು.